ಲೆಸ್ಟರಿನಿಂದ ಲಫ್‌ಬರೋಗೆ, ಕೆಲಸದ ಅಂಗಿಯಲ್ಲಿ

ಇಂಗ್ಲೆಂಡಿನ ಲೆಸ್ಟರ್ ರೈಲು ನಿಲ್ದಾಣದ ಹೊರಗೆ ಥಾಮಸ್ ಕುಕ್ ಕಂಚಾಗಿ ನಿಂತಿದ್ದಾನೆ, ಪಕ್ಕದಲ್ಲೊಂದು ಸೂಟ್‌ಕೇಸು. ಲೋಕಕ್ಕೆ ಪ್ಯಾಕೇಜ್ ಟೂರಿನ ರುಚಿ ಹತ್ತಿಸಿದವನು ಇವನೇ. 1841ರ ಜುಲೈ 5ರಂದು ಈ ಊರಿನ ಸುಮಾರು ಐನೂರು ಮಂದಿಯನ್ನು ರೈಲು ಹತ್ತಿಸಿ, ಹನ್ನೆರಡು ಮೈಲಿ ಆಚೆಯ ಲಫ್‌ಬರೋಗೆ ಕರೆದೊಯ್ದು, ಚಹಾ ಕುಡಿಸಿ, ಭಾಷಣ ಕೇಳಿಸಿ, ಸಂಜೆಗೆ ವಾಪಸ್ ಕರೆತಂದ. ತಲೆಗೆ ಒಂದು ಶಿಲಿಂಗ್. ಹೊರಟವರೆಲ್ಲ ಪಾನನಿರೋಧದ ಸಭೆಗೆ ಹೊರಟವರು. ಕುಕ್ ಕೂಡ ಹೆಂಡದ ಕಡುವೈರಿ. ಕುಡಿತ ಬಿಡಿ, ಆ ದುಡ್ಡಿನಲ್ಲಿ ಊರು ನೋಡಿ ಅನ್ನುವ ಉಪದೇಶದಿಂದ ಇಷ್ಟು ದೊಡ್ಡ ಉದ್ಯಮ ಹುಟ್ಟಿಕೊಂಡಿತು.

ಅದೇ ಹಳಿಯ ಮೇಲೆ ನಾನೂ ಒಂದು ಚಳಿಗಾಲ, ಒಂದು ವಸಂತ ಓಡಾಡಿದ್ದೇನೆ. ಶುಕ್ರವಾರ ಮಧ್ಯಾಹ್ನ ಲೆಸ್ಟರಿನಲ್ಲಿ ಹತ್ತಿ ಲಫ್‌ಬರೋದಲ್ಲಿ ಇಳಿಯುತ್ತಿದ್ದೆ, ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ಟೊಂದರಲ್ಲಿ ರಾತ್ರಿಯವರೆಗೆ ಆಲೂಗಡ್ಡೆ, ಹಾಲು, ಬ್ರೆಡ್ಡಿನ ಜೊತೆಗೆ ಪೆಟ್ಟಿಗೆಗಟ್ಟಲೆ ಬಿಯರು, ವೋಡ್ಕಾ ಮಾರಲು. ಕುಕ್ ಸಾಹೇಬರು ಕ್ಷಮಿಸಬೇಕು.

ರೈಲು ಸಣ್ಣದು. ಸಿಸ್ಟನ್, ಸೈಲ್‌ಬಿ, ಬ್ಯಾರೋ ಅಪಾನ್ ಸೋರ್ ಎಂದು ನಿಂತು ನಿಂತು ಹೋಗುತ್ತದೆ. ಸೋರ್ ಅಂದರೆ ನದಿ. ಚಳಿಗಾಲದ ಮಳೆಗೆ ಅದು ದಡ ಮೀರಿ ಹುಲ್ಲುಗಾವಲಿನಲ್ಲೆಲ್ಲ ಹರಡಿಕೊಂಡು, ಬೇಲಿಗಳ ತುದಿ ಮಾತ್ರ ಮೇಲೆ ಕಾಣುತ್ತಿರುತ್ತದೆ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಕಿಟಕಿಯಲ್ಲಿ ಹೊರಗಿನ ಊರಿಗಿಂತ ನನ್ನ ಮುಖವೇ ಹೆಚ್ಚು ಕಾಣುತ್ತಿತ್ತು, ಅದರ ಕೆಳಗೆ ಕಂಪನಿಯ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಆ ಬಿಲ್ಲೆಯ ವಿಷಯ ಒಂದು ಮಾತು: ಸಿಟ್ಟಿಗೆದ್ದವರು ಅದನ್ನು ಓದಿ ನಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಅವರ ಹೆಸರು ನಮಗೆ ಗೊತ್ತಿರುವುದಿಲ್ಲ.

ನಾನು ಲೆಸ್ಟರಿಗೆ ಹೋದದ್ದು 2023ರ ಸೆಪ್ಟೆಂಬರಿನಲ್ಲಿ, ಎಂ.ಎ. ಓದಲು. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೂ ವೀಸಾಕ್ಕೇ ಕುತ್ತು. ಆಗ ಇಪ್ಪತ್ತಮೂರು ದಾಟಿದವರಿಗೆ ಕನಿಷ್ಠ ಕೂಲಿ ಗಂಟೆಗೆ 10.42 ಪೌಂಡ್. ನಮ್ಮ ಕಡೆಯಿಂದ ಹೋದ ಹುಡುಗರೆಲ್ಲ ಮೊದಲ ತಿಂಗಳು ಇದನ್ನು ರೂಪಾಯಿಗೆ ಗುಣಿಸಿ, ಗಂಟೆಗೆ ಸಾವಿರಕ್ಕೂ ಮೇಲೆ ಎಂದು ಊರಿಗೆ ಫೋನು ಮಾಡುತ್ತಾರೆ. ಎರಡನೆಯ ತಿಂಗಳು ಮನೆ ಬಾಡಿಗೆಯನ್ನೂ ಗುಣಿಸಿ ನೋಡುತ್ತಾರೆ, ಆಮೇಲೆ ಗುಣಾಕಾರವನ್ನೇ ಬಿಟ್ಟುಬಿಡುತ್ತಾರೆ. ಕಾನೂನಿನ ಪ್ರಕಾರ ಆರು ಗಂಟೆಗಿಂತ ಹೆಚ್ಚು ದುಡಿಸಿದರೆ 20 ನಿಮಿಷ ವಿರಾಮ ಕೊಡಲೇಬೇಕು. ನನ್ನ ಶಿಫ್ಟುಗಳು ಅನೇಕ ಸಲ ಸರಿಯಾಗಿ ಆರು ಗಂಟೆಯವಾಗಿರುತ್ತಿದ್ದವು. ವೇಳಾಪಟ್ಟಿ ಬರೆದವರು ಕಾನೂನನ್ನು ಚೆನ್ನಾಗಿ ಓದಿಕೊಂಡಿದ್ದರು.

ಅಲ್ಲಿ ಬಿಲ್ ಕೌಂಟರಿಗೆ ಟಿಲ್ ಎನ್ನುತ್ತಾರೆ. ಒಂದು ಕುರ್ಚಿ, ಎಡಕ್ಕೆ ಓಡುವ ಕಪ್ಪು ಬೆಲ್ಟು, ನಡುವೆ ಗಾಜಿನ ಕಣ್ಣು, ಬಲಕ್ಕೆ ಚೀಲ ತುಂಬಿಕೊಳ್ಳುವ ಜಾಗ. ಮೈ ನೋವು ಬೆನ್ನಿಗಿಂತ ಮೊದಲು ಎಡ ಮಣಿಕಟ್ಟಿಗೆ ಬರುತ್ತದೆ, ಯಾಕೆಂದರೆ ಎಲ್ಲವನ್ನೂ ಎಳೆಯುವುದು ಆ ಕೈ: ಹಾಲಿನ ಕ್ಯಾನು, ಬೆಕ್ಕಿನ ಮಣ್ಣಿನ ಮೂಟೆ, ಹನ್ನೆರಡು ಡಬ್ಬಿಯ ಕೋಕು. ಹಾಲು ಬರುವುದು ಪಿಂಟ್ ಲೆಕ್ಕದಲ್ಲಿ. ನಾಲ್ಕು ಪಿಂಟಿನ ಕ್ಯಾನಿನ ಮೇಲೆ 2.272 ಲೀಟರ್ ಎಂಬ ವಿಚಿತ್ರ ಅಂಕಿ. ನಂದಿನಿಯ ನೀಲಿ ಪ್ಯಾಕೆಟ್ ಅಂದರೆ ಟೋನ್ಡ್ ಹಾಲು ಎಂದು ಪಳಗಿದ ಕಣ್ಣಿಗೆ ಅಲ್ಲಿ ನೀಲಿ ಮುಚ್ಚಳ ಅಂದರೆ ಗಟ್ಟಿ ಹಾಲು, ಹಸಿರು ಅರ್ಧ ಕೆನೆ ತೆಗೆದದ್ದು, ಕೆಂಪು ಪೂರ್ತಿ ತೆಗೆದದ್ದು. ತೂಕದ ತರಕಾರಿಗೆ ಬಾರ್‌ಕೋಡ್ ಇರುವುದಿಲ್ಲ, ಪರದೆಯ ಮೇಲೆ ಚಿತ್ರ ಹುಡುಕಿ ಒತ್ತಬೇಕು. ಸ್ವೀಡ್ ಯಾವುದು, ಟರ್ನಿಪ್ ಯಾವುದು ಎಂದು ನಾನು ತಡಕಾಡುತ್ತಿದ್ದರೆ, ಪಕ್ಕದ ಟಿಲ್ಲಿನ ಹಿರಿಯ ಹೆಂಗಸು ಬೆಂಡೆಕಾಯಿ ಎತ್ತಿ ಹಿಡಿದು ಇದೇನಪ್ಪ ಎಂದು ನನ್ನತ್ತ ಕಣ್ಣಲ್ಲೇ ಕೇಳುತ್ತಿದ್ದರು. ನಮ್ಮಿಬ್ಬರ ಸ್ನೇಹ ಶುರುವಾದದ್ದೇ ಹೀಗೆ, ಗೆಡ್ಡೆಗೆ ಬದಲು ಬೆಂಡೆ.

ನಿಮಿಷಕ್ಕೆ ಎಷ್ಟು ಸಾಮಾನು ದಾಟಿಸಿದೆ ಎಂದು ಯಂತ್ರ ಲೆಕ್ಕ ಇಡುತ್ತದೆ. ಗಿರಾಕಿಯ ಜೊತೆ ನಗುನಗುತ್ತ ಎರಡು ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಬಹುದು ಎಂದು ನಂಬಿದವರು ಟಿಲ್ಲಿನಲ್ಲಿ ಕೂತವರಲ್ಲ. ಸಂಜೆ ಐದರ ಹೊತ್ತಿಗೆ ಒಬ್ಬ ಮುದುಕ ಬರುತ್ತಿದ್ದ, ಒಂದು ಸೂಪ್ ಡಬ್ಬಿ, ಒಂದು ಪತ್ರಿಕೆ. ಸ್ವಂತ ಬಿಲ್ ಮಾಡಿಕೊಳ್ಳುವ ಯಂತ್ರಗಳು ಖಾಲಿ ಇದ್ದರೂ ನಮ್ಮ ಸಾಲಿನಲ್ಲೇ ನಿಲ್ಲುತ್ತಿದ್ದ. ಚಿಲ್ಲರೆ ನಾಣ್ಯಗಳನ್ನು ಕೌಂಟರಿನ ಮೇಲೆ ಒಂದೊಂದಾಗಿ ಜೋಡಿಸುತ್ತ, ತಾನು ರೈಲ್ವೆಯಲ್ಲಿ ಇದ್ದದ್ದು, ಹೆಂಡತಿ ತೀರಿಕೊಂಡದ್ದು, ನಾಯಿಗೆ ಸಕ್ಕರೆ ಕಾಯಿಲೆ ಬಂದದ್ದು ಎಲ್ಲ ಕಂತಿನಲ್ಲಿ ಹೇಳುತ್ತಿದ್ದ. ಹಿಂದೆ ನಿಂತವರು ಉಸಿರು ಬಿಡುವುದು ಕೇಳಿಸುತ್ತಿತ್ತು. ಪರದೆಯ ಮೂಲೆಯಲ್ಲಿ ನನ್ನ ಅಂಕಿ ಇಳಿಯುತ್ತಿತ್ತು. ಅವನ ಮಾತು ಕೇಳಬೇಕೆಂದು ನನಗೆ ಇಷ್ಟ. ಅವನು ಬೇಗ ಹೋಗಲಿ ಎಂದೂ ಆಸೆ. ದುಡಿಮೆಯ ಹಿಂಸೆ ಅಂದರೆ ಇಂಥದ್ದು, ಒಳ್ಳೆಯದನ್ನು ಮಾಡಲು ಮನಸ್ಸಿದ್ದರೂ ಅದರ ಬೆಲೆಯನ್ನು ಇನ್ಯಾರೋ ಕಟ್ಟಿಟ್ಟಿರುತ್ತಾರೆ.

ಶುಕ್ರವಾರ ರಾತ್ರಿ ಬೇರೆಯೇ ಲೋಕ. ಲಫ್‌ಬರೋದ ವಿಶ್ವವಿದ್ಯಾಲಯ ಕ್ರೀಡೆಗೆ ಹೆಸರಾದದ್ದು. ಹಗಲೆಲ್ಲ ಓಡಿ ಈಜಿ ಬಂದ ಮಕ್ಕಳು ರಾತ್ರಿ ಬಾಟಲಿ ಹಿಡಿದು ಬರುತ್ತಾರೆ. ಮದ್ಯ ಕೊಳ್ಳಲು ಹದಿನೆಂಟು ತುಂಬಿರಬೇಕು. ಆದರೆ ಅಂಗಡಿಗಳು ಇಟ್ಟುಕೊಂಡ ಪದ್ಧತಿ ಇಪ್ಪತ್ತೈದರದು: ನೋಡಲು ಇಪ್ಪತ್ತೈದರ ಕೆಳಗಿನವರಂತೆ ಕಂಡರೆ ಗುರುತಿನ ಚೀಟಿ ಕೇಳಲೇಬೇಕು. ಅಪ್ರಾಪ್ತರಿಗೆ ಮಾರಿದರೆ ದಂಡ ಅಂಗಡಿಗಷ್ಟೇ ಅಲ್ಲ, ಟಿಲ್ಲಿನಲ್ಲಿ ಕೂತವನ ತಲೆಗೂ ಬೀಳುತ್ತದೆ. ಅಧಿಕಾರಿಗಳು ಬೇಕೆಂದೇ ಹದಿಹರೆಯದವರನ್ನು ಕಳಿಸಿ ಪರೀಕ್ಷೆ ಮಾಡುವುದೂ ಉಂಟು. ಹಾಗಾಗಿ ಪ್ರತಿ ಮುಖವನ್ನೂ ಅನುಮಾನದಿಂದ ನೋಡಿ ವಯಸ್ಸು ಅಳೆಯಬೇಕು. ನಾನು ಹುಟ್ಟಿ ಬೆಳೆದ ತಿಪಟೂರಿನಲ್ಲಿ ಬಿಳಿಯರ ವಯಸ್ಸು ಅಳೆಯುವ ಅಭ್ಯಾಸ ಎಲ್ಲಿ ಆಗಬೇಕು?

ನಾಲ್ವರು ಹುಡುಗಿಯರು ಒಂದು ಬಾಟಲಿ ಜಿನ್ ತರುತ್ತಾರೆ. ಮೂವರ ಬಳಿ ಚೀಟಿ ಇದೆ, ಒಬ್ಬಳದು ಹಾಸ್ಟೆಲಿನಲ್ಲಿ. ಯಾರು ದುಡ್ಡು ಕೊಟ್ಟರೂ ಕುಡಿಯುವುದು ಗುಂಪೇ ಆದ್ದರಿಂದ ನಾಲ್ವರಿಗೂ ಇಲ್ಲ ಅನ್ನಬೇಕು. ಅವಳು ಮೊಬೈಲಿನಲ್ಲಿ ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ಫೋಟೋ ತೋರಿಸುತ್ತಾಳೆ, ಕೇಕಿನ ಮೇಲೆ ಅಂಕಿಯೇ ಇದೆ. ಅವಳಿಗೆ ಇಪ್ಪತ್ತು ಎಂದು ನನಗೂ ಖಾತ್ರಿ. ಆದರೂ ಇಲ್ಲ. ಬಾಟಲಿಯನ್ನು ನನ್ನ ಕಾಲಬಳಿ ಇಟ್ಟುಕೊಳ್ಳುತ್ತೇನೆ, ಅವರು ನನಗೆ ಒಂದು ಹೆಸರಿಟ್ಟು ಹೋಗುತ್ತಾರೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೂವತ್ತು ದಾಟಿದ ತಾಯಿಯೊಬ್ಬರನ್ನು ಹೀಗೇ ಕೇಳಿದಾಗ ಆಕೆ ಸಂತೋಷ ತಡೆಯಲಾರದೆ, ಹಿಂದಿನವರಿಗೆಲ್ಲ ತಿರುಗಿ ಹೇಳಿ, ಲೈಸೆನ್ಸನ್ನು ಮೆಡಲಿನ ಹಾಗೆ ಎತ್ತಿ ತೋರಿಸಿದ್ದರು. ಆ ಶಿಫ್ಟಿನಲ್ಲಿ ನನ್ನಿಂದ ಒಬ್ಬರಿಗಾದರೂ ಖುಷಿಯಾಗಿತ್ತು.

ಜನರ ಒರಟುತನದ ಬಗ್ಗೆ ಹೇಳಿಕೊಳ್ಳುವುದು ಸುಲಭ. ಆದರೆ ಬಹುಪಾಲು ಇಂಗ್ಲಿಷರು ಸಭ್ಯರು, ಚೀಲಕ್ಕೆ ಕೈ ಹಾಕುವ ಮೊದಲು ಮೂರು ಸಲ ಥ್ಯಾಂಕ್ಸ್ ಹೇಳುವವರು. ನನ್ನನ್ನು ಸುಸ್ತಾಗಿಸಿದ್ದು ಬೇರೆ. ಒಂದು ಕಾಫಿ ಬಾಟಲಿಯ ಸಂಗತಿ ಹೇಳುತ್ತೇನೆ.

ಎಂಬತ್ತರ ಆಸುಪಾಸಿನ ಅಜ್ಜಿ, ಚಕ್ರದ ಚೀಲ ಎಳೆದುಕೊಂಡು ಬಂದವರು. ಬೆಲ್ಟಿನ ಮೇಲೆ ಬ್ರೆಡ್ಡು, ಬೆಣ್ಣೆ, ಎರಡು ಬಾಳೆಹಣ್ಣು, ಇನ್‌ಸ್ಟಂಟ್ ಕಾಫಿಯ ಒಂದು ಬಾಟಲಿ. ಶೆಲ್ಫಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಕಡಿಮೆ ಬೆಲೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಸದಸ್ಯರಿಗೆ ಮಾತ್ರ. ಸದಸ್ಯರಾಗಲು ದುಡ್ಡು ಬೇಡ, ಫೋನಿನಲ್ಲಿ ಆ್ಯಪ್ ಬೇಕು. ಈಗ ಬ್ರಿಟನ್ನಿನ ಹಲವು ದೊಡ್ಡ ಅಂಗಡಿಗಳಲ್ಲಿ ಇದೇ ನಡೆ, ಒಂದೇ ಸಾಮಾನಿಗೆ ಎರಡು ಬೆಲೆ. ಅಜ್ಜಿಯ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು, ಅದೂ ಮಗ ಫೋನು ಮಾಡಲೆಂದು. ನನ್ನ ಪರದೆಯಲ್ಲಿ ಹೆಚ್ಚಿನ ಬೆಲೆ ಬಂತು. ‘ಅಲ್ಲಿ ಬೇರೆ ಬರೆದಿದೆಯಲ್ಲ ಮಗು’ ಎಂದರು. ನಾನು ವಿವರಿಸಿದೆ. ಆಕೆಗೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ಹೆಚ್ಚು ನೋವಾಯಿತು. ‘ಅಂದರೆ ನನ್ನ ಬಳಿ ಆ ಥರದ ಫೋನು ಇಲ್ಲದ್ದಕ್ಕೆ ನಾನು ಹೆಚ್ಚು ಕೊಡಬೇಕು?’

ಹೌದು, ಅದೇ. ಇದಕ್ಕಿಂತ ನೇರವಾಗಿ ಆ ವ್ಯವಸ್ಥೆಯನ್ನು ಯಾರೂ ವಿವರಿಸಲಾರರು. ನನ್ನ ಜೇಬಿನಲ್ಲಿ ಆ ಆ್ಯಪ್ ಇದ್ದ ನನ್ನದೇ ಫೋನು ಇತ್ತು. ಅದನ್ನು ಒಂದು ಸಲ ತೋರಿಸಿದರೆ ಬೆಲೆ ಇಳಿಯುತ್ತಿತ್ತು. ಆದರೆ ಕೆಲಸದವನು ಗಿರಾಕಿಯ ಬಿಲ್ಲಿಗೆ ತನ್ನ ಸದಸ್ಯತ್ವ ಬಳಸಿದರೆ ಅದು ಕಳ್ಳತನಕ್ಕೆ ಸಮ, ಕೆಲಸ ಹೋಗುತ್ತದೆ. ತರಬೇತಿಯಲ್ಲಿ ಮೊದಲು ಹೇಳಿದ ಮಾತುಗಳಲ್ಲಿ ಅದೂ ಒಂದು. ಅಜ್ಜಿಯ ಹಿಂದೆ ನಿಂತಿದ್ದವರು ತಮ್ಮ ಫೋನು ಚಾಚಬಹುದಿತ್ತು. ಅವರು ಚಾಕೊಲೇಟಿನ ಮೇಲಿನ ಬರಹ ಓದುತ್ತಿದ್ದರು. ಅಜ್ಜಿ ಕಾಫಿ ಬಾಟಲಿಯನ್ನು ನನ್ನ ಕಡೆ ಮೆಲ್ಲಗೆ ತಳ್ಳಿ, ಇದು ಬೇಡ, ತೊಂದರೆ ಕೊಟ್ಟೆ ಎಂದರು. ನಾನೂ ಸಾರಿ ಎಂದೆ. ತಪ್ಪು ಮಾಡದ ಇಬ್ಬರು ಎದುರುಬದುರು ನಿಂತು ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡೆವು. ಬೆಲೆ ಎರಡು ಇರಲಿ ಎಂದು ತೀರ್ಮಾನಿಸಿದವರು ಆ ಹೊತ್ತಿಗೆ ಎಲ್ಲೋ ಊಟಕ್ಕೆ ಕೂತಿದ್ದಿರಬಹುದು.

ಟಿಲ್ಲಿನವನ ಕೆಲಸದ ನಿಜವಾದ ವಿವರಣೆ ಇದು: ಎಲ್ಲೋ ಯಾರೋ ಮಾಡಿದ ನಿರ್ಧಾರಕ್ಕೆ ಮುಖವಾಗಿ ಕೂರುವುದು. ಚೀಲಕ್ಕೆ ಯಾಕೆ ದುಡ್ಡು ಎಂದು ನನ್ನನ್ನೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 2015ರಲ್ಲಿ ಐದು ಪೆನ್ಸ್, 2021ರಲ್ಲಿ ಹತ್ತು ಎಂದು ಕಾನೂನು ಮಾಡಿದ್ದು ಸರ್ಕಾರ. ಸ್ವಂತ ಬಿಲ್ ಮಾಡುವ ಯಂತ್ರದ ಕಡೆ ಹಾಕಿದ ದಿನವಂತೂ ಬಿಡಿ. ಒಂದು ಡಜನ್ ಯಂತ್ರಕ್ಕೆ ಒಬ್ಬ ಮನುಷ್ಯ. ಚೀಲದ ಜಾಗದಲ್ಲಿ ಏನೋ ಹೆಚ್ಚಿನ ವಸ್ತು ಇದೆ ಎಂದು ಯಂತ್ರ ಗಟ್ಟಿಯಾಗಿ ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ, ಸಾಮಾನು ಕೊಂಡವರ ಮುಖ ಕಳ್ಳರ ಮುಖವಾಗುತ್ತದೆ. ಹೆಚ್ಚಿನ ವಸ್ತು ಅವರ ಮೊಣಕೈ. ಅವಮಾನ ಮಾಡಿದ್ದು ಯಂತ್ರ, ಬೈಸಿಕೊಳ್ಳುವುದು ನಾನು. ನಿಜವಾದ ಕಳ್ಳ ಅಷ್ಟರಲ್ಲಿ ಚೀಸ್ ಗಡ್ಡೆಗಳನ್ನು ಜಾಕೆಟ್ಟಿನೊಳಗೆ ತುಂಬಿಕೊಂಡು ನಮ್ಮ ಮುಂದೆಯೇ ಹೋಗುತ್ತಾನೆ. ಹಿಡಿಯಲು ಹೋಗಬೇಡಿ, ಚಾಕು ಇರಬಹುದು ಎಂದು ನಮಗೆ ಹೇಳಿದ್ದಾರೆ. ಅದು ಸರಿಯಾದ ಮಾತೇ. ಆದರೂ ಅಜ್ಜಿಗೆ ಕಾಫಿ ಬಿಡಲಾಗದವನು ಕಳ್ಳನಿಗೆ ದಾರಿ ಬಿಡುವಾಗ ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುತ್ತದೆ.

ಅಂಗಡಿಯವನ ಕೈಯಿಂದ ಅಧಿಕಾರ ಜಾರಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಎಲ್ಲ ಕಡೆಯೂ ನಮ್ಮ ತಿಪಟೂರಿನ ಶೆಟ್ಟರ ಅಂಗಡಿಯ ವ್ಯವಸ್ಥೆಯೇ ಇದ್ದದ್ದು: ಗಿರಾಕಿ ಹಲಗೆಯ ಈಚೆ, ಸಾಮಾನು ಆಚೆ, ನಡುವೆ ತಕ್ಕಡಿ ಹಿಡಿದ ಮನುಷ್ಯ. 1916ರಲ್ಲಿ ಅಮೆರಿಕದ ಮೆಂಫಿಸಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಗಳೇ ಒಳಗೆ ಬಂದು ಎತ್ತಿಕೊಳ್ಳಲಿ ಎಂದ. ತಕ್ಕಡಿಯವನು ಬಾಗಿಲ ಬಳಿ ಲೆಕ್ಕದವನಾದ. ಆದರೂ ಬೆಲೆಗಳು ಅವನ ತಲೆಯಲ್ಲೋ ಸಾಮಾನಿನ ಮೇಲಿನ ಚೀಟಿಯಲ್ಲೋ ಇದ್ದವು. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಚೂಯಿಂಗ್ ಗಮ್ಮಿನ ಒಂದು ಪೊಟ್ಟಣ ಮೊದಲ ಬಾರಿಗೆ ಬಾರ್‌ಕೋಡ್ ಕಣ್ಣಿನ ಮುಂದೆ ಹಾದುಹೋಯಿತು. ಅಲ್ಲಿಂದ ಬೆಲೆ ಅಂಗಡಿಯನ್ನೇ ಬಿಟ್ಟು ಕಂಪ್ಯೂಟರಿನೊಳಕ್ಕೆ ಹೋಯಿತು. ಈಗ ಒಂದು ಸಾಮಾನಿನ ಬೆಲೆ ಎಷ್ಟು ಎಂದು ನನಗೂ ಗೊತ್ತಿಲ್ಲ. ಪೀಂ ಅಂದಮೇಲೆ ಗಿರಾಕಿಗೆ ಗೊತ್ತಾಗುವ ಹೊತ್ತಿಗೇ ನನಗೂ ಗೊತ್ತಾಗುವುದು. ಶೆಟ್ಟರ ಅಂಗಡಿಯಲ್ಲಿ ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು ತೂಗುತ್ತಿತ್ತು, ಅದರ ಕೆಳಗೇ ಅವರು ಉದ್ರಿ ಪುಸ್ತಕ ತೆಗೆದು ಅಮ್ಮನ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದರು. ನಿಯಮವೂ ಅವರದೇ, ಅದನ್ನು ಮುರಿಯುವ ಸ್ವಾತಂತ್ರ್ಯವೂ ಅವರದೇ. ತೂಕದಲ್ಲಿ ಮೋಸ ಮಾಡುತ್ತಿದ್ದರು ಎಂಬ ಮಾತೂ ಇತ್ತು ಅನ್ನಿ.

ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ಒಂದು ಅಡ್ಡ ಬೀದಿಯಲ್ಲಿ ನನಗೆ ಕೋಣೆ ಕೊಟ್ಟವರೂ ಅಂಗಡಿಯವರೇ. ಕಂಪಾಲಾದಲ್ಲಿ ಹುಟ್ಟಿದ ಗುಜರಾತಿ, ನಾನು ಕಾಕಾ ಎಂದೇ ಕರೆಯುತ್ತಿದ್ದೆ. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಓಡಿಸಿದಾಗ ಬಂದವರು. ಆ ಸೆಪ್ಟೆಂಬರಿನಲ್ಲಿ ಲೆಸ್ಟರ್ ನಗರಸಭೆ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮ ಊರು ತುಂಬಿದೆ, ದಯವಿಟ್ಟು ಇಲ್ಲಿಗೆ ಬರಬೇಡಿ ಎಂಬ ಧಾಟಿಯಲ್ಲಿ ಕೇಳಿಕೊಂಡಿತ್ತು. ‘ಅಲ್ಲಿಯವರೆಗೆ ಲೆಸ್ಟರಿನ ಹೆಸರೇ ನಮಗೆ ಗೊತ್ತಿರಲಿಲ್ಲ, ಜಾಹೀರಾತು ನೋಡಿ ಗೊತ್ತಾಯಿತು, ಬಂದೆವು’ ಎಂದು ಕಾಕಾ ನಗುತ್ತಿದ್ದರು. ಇವತ್ತು ಬೆಲ್‌ಗ್ರೇವ್ ರಸ್ತೆಯಲ್ಲಿ ಚಿನ್ನ, ಸೀರೆ, ಫರಸಾಣ್ ಎಂಬ ಕುರುಕಲು ತಿಂಡಿ, ಜೊತೆಗೆ ಉಗಾಂಡದಿಂದ ಬಂದ ರುಚಿಯಾಗಿ ಮೆಣಸಿನಪುಡಿ ಉದುರಿಸಿದ ಮೋಗೊ, ಅಂದರೆ ಕರಿದ ಮರಗೆಣಸು. ದೀಪಾವಳಿಗೆ ರಸ್ತೆಯುದ್ದ ನಗರಸಭೆಯೇ ದೀಪ ಕಟ್ಟುತ್ತದೆ.

ಕಾಕಾ ಮೂಲೆಯ ಅಂಗಡಿ ನಡೆಸಿದವರು, ಬೆಳಗಿನ ಪೇಪರಿನಿಂದ ರಾತ್ರಿ ಹನ್ನೊಂದರವರೆಗೆ. ಶಿಫ್ಟ್ ಎಂಬ ಮಾತು ಕೇಳಿದರೆ ಅವರಿಗೆ ತಮಾಷೆ. ‘ನಮಗೆ ಒಂದೇ ಶಿಫ್ಟು, ಮೂವತ್ತು ವರ್ಷದ್ದು’ ಎನ್ನುತ್ತಿದ್ದರು. ಕಲ್ಲು ಎಸೆಸಿಕೊಂಡಿದ್ದಾರೆ, ಗಾಜು ಒಡೆಸಿಕೊಂಡಿದ್ದಾರೆ. ಮಕ್ಕಳು ಹೋಮ್‌ವರ್ಕ್ ಮಾಡಿದ್ದು ಆಲೂಗಡ್ಡೆ ಚಿಪ್ಸಿನ ಪೆಟ್ಟಿಗೆಗಳ ಮೇಲೆ. ನನ್ನ ದುಡಿಮೆ ಅವರದರ ಮುಂದೆ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಕಾಫಿ ಬಾಟಲಿಯ ಕಥೆ ಹೇಳಿದಾಗ ಅವರು ಗಂಭೀರರಾದರು. ‘ನಾನಾಗಿದ್ದರೆ ಕಡಿಮೆಗೇ ಕೊಟ್ಟು, ಅವಳು ಹೋದಮೇಲೆ ಬೈದುಕೊಳ್ಳುತ್ತಿದ್ದೆ. ಅಥವಾ ಕೊಡುವುದಿಲ್ಲ ಹೋಗಮ್ಮ ಅನ್ನುತ್ತಿದ್ದೆ. ಎರಡೂ ನನ್ನ ಕೈಲಿತ್ತು’ ಎಂದರು. ಎಂ.ಎ. ತರಗತಿಯಲ್ಲಿ ಪರಕೀಯತೆಯ ಬಗ್ಗೆ ಓದಿಸಿದ ಪುಟಗಳೆಲ್ಲ ಅವರ ಈ ಮಾತಿನಲ್ಲಿ ಅಡಗಿದ್ದವು ಎಂದರೆ ನಮ್ಮ ಪ್ರೊಫೆಸರರು ಒಪ್ಪಲಿಕ್ಕಿಲ್ಲ.

ಭಾನುವಾರ ರೈಲು ಬಿಟ್ಟು ಬಸ್ಸು ಹಿಡಿಯುತ್ತಿದ್ದೆ. ಇಂಗ್ಲೆಂಡಿನ ಭಾನುವಾರ ನೋಡದೆ ಆ ದೇಶ ನೋಡಿದೆ ಅನ್ನುವಂತಿಲ್ಲ. 1994ರ ಕಾನೂನಿನಂತೆ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ನಡುವೆ ಎಡೆಬಿಡದೆ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಚಿಕ್ಕವಕ್ಕೆ ಈ ಕಟ್ಟಿಲ್ಲ, ಕಾಕಾನಂಥವರ ಭಾನುವಾರದ ವ್ಯಾಪಾರಕ್ಕೆ ಬಲ ಬಂದದ್ದೇ ಅದರಿಂದ. ದೊಡ್ಡ ಅಂಗಡಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ: ಅರ್ಧ ಗಂಟೆ ಮೊದಲೇ ಬಾಗಿಲು ತೆಗೆದು, ಒಳಗೆ ಬಂದು ನೋಡಿ, ಟ್ರಾಲಿ ತುಂಬಿಕೊಳ್ಳಿ, ಆದರೆ ಬಿಲ್ ಮಾತ್ರ ಗಂಟೆ ಹೊಡೆದಮೇಲೆ ಎನ್ನುತ್ತವೆ. ನಮ್ಮಲ್ಲಿ ವ್ಯಾಪಾರ ಶುರುವಾಗುವುದು ಹನ್ನೊಂದಕ್ಕೆ. ಹೀಗಾಗಿ ಹತ್ತೂಮುಕ್ಕಾಲಿಗೆ ನಾನು ಟಿಲ್ಲಿನಲ್ಲಿ ಕೂತಿರುತ್ತೇನೆ, ಎದುರಿಗೆ ತುಂಬಿದ ಟ್ರಾಲಿಗಳ ಸಾಲು ನಿಂತಿರುತ್ತದೆ, ಯಂತ್ರ ಸತ್ತಂತೆ ಕಪ್ಪಗಿರುತ್ತದೆ. ಲಫ್‌ಬರೋ ಅಂದರೆ ಗಂಟೆಗಳ ಊರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ರೇಟ್ ಪಾಲ್ ಎಂಬ ಹದಿನಾರು ಟನ್ನಿಗೂ ಮಿಕ್ಕಿದ ಗಂಟೆಯನ್ನು 1881ರಲ್ಲಿ ಎರಕ ಹೊಯ್ದದ್ದು ಇಲ್ಲಿನ ಟೇಲರ್ ಕಾರ್ಖಾನೆ. ಊರಿನ ಕ್ವೀನ್ಸ್ ಪಾರ್ಕಿನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 47 ಗಂಟೆಗಳ ಗೋಪುರವೇ ಇದೆ. ಅಂಥ ಊರಿನಲ್ಲಿ ಒಂದು ಗಂಟೆಗಾಗಿ ಇಷ್ಟು ಜನ ಒಟ್ಟಿಗೆ ಕಾಯುವುದು ವಿಚಿತ್ರವಾಗಿತ್ತು. ಮಗುವಿಗೆ ಹಾಲು ಬೇಕು, ಈಗಲೇ ಒತ್ತಿಬಿಡಪ್ಪ ಎನ್ನುತ್ತಾರೆ. ಹತ್ತು ಐವತ್ತೆಂಟಕ್ಕೆ ಒತ್ತಿದರೆ ಯಂತ್ರ ಒಪ್ಪುವುದಿಲ್ಲ ಎಂದರೆ ನನ್ನನ್ನು ನಂಬುವುದಿಲ್ಲ.

2024ರ ಈಸ್ಟರ್ ಭಾನುವಾರ ಮಾರ್ಚ್ 31ಕ್ಕೆ ಬಂತು. ಆ ದಿನ ದೊಡ್ಡ ಅಂಗಡಿಗಳು ಪೂರ್ತಿ ಮುಚ್ಚಿರಬೇಕು, ಕ್ರಿಸ್‌ಮಸ್ಸಿನಂತೆಯೇ. ಒಂದೇ ಒಂದು ದಿನ. ಹಿಂದಿನ ಶನಿವಾರ ಜನ ಬ್ರೆಡ್ಡು, ಹಾಲು, ಮೊಟ್ಟೆಗಳನ್ನು ಊರಿಗೆ ಮುತ್ತಿಗೆ ಬಿದ್ದಂತೆ ಕೊಂಡರು. ಕುರಿಯ ಕಾಲು ಮುಗಿದಿದೆ ಎಂದದ್ದಕ್ಕೆ ಒಬ್ಬರು ನನ್ನ ದೇಶದ ಬಗ್ಗೆ ಏನೋ ಅಂದರು. ಮಾರುವವನು ಯಾವ ದೇಶದವನಾದರೂ ಕುರಿಗೆ ಕಾಲು ನಾಲ್ಕೇ ಅಲ್ಲವೇ.

ಸಂಜೆಯ ಹಳದಿ ಚೀಟಿಯ ಹೊತ್ತನ್ನು ಮಾತ್ರ ನಾನು ಇಷ್ಟಪಟ್ಟು ನೋಡುತ್ತಿದ್ದೆ. ಅಂದೇ ವಾಯಿದೆ ಮುಗಿಯುವ ಸಾಮಾನಿಗೆ ಬೆಲೆ ಇಳಿಸಿ ಹಳದಿ ಚೀಟಿ ಅಂಟಿಸುತ್ತಾರೆ. ಚೀಟಿಯ ಗನ್ ಹಿಡಿದ ನೌಕರ ಶೀತಲ ಕಪಾಟಿನ ಬಳಿ ಕಾಣಿಸಿಕೊಂಡರೆ ಸಾಕು, ಎಲ್ಲೆಲ್ಲೋ ಇದ್ದ ಜನ ಅತ್ತ ಸರಿಯುತ್ತಾರೆ. ಯಾರೂ ನೂಕುವುದಿಲ್ಲ, ಯಾರೂ ಆತುರ ತೋರಿಸುವುದಿಲ್ಲ. ಮೊಸರಿನ ಮೇಲಿನ ಬರಹವನ್ನು ಬಹಳ ಆಸಕ್ತಿಯಿಂದ ಓದುತ್ತ ನಿಲ್ಲುತ್ತಾರೆ. ಚೀಟಿ ಅಂಟಿದ ಕ್ಷಣ ಕೋಳಿಯ ಪ್ಯಾಕೆಟ್ಟು ಮಾಯ. ಪಿಂಚಣಿಯವರು, ವಿದ್ಯಾರ್ಥಿಗಳು, ನರ್ಸುಗಳು, ಒಮ್ಮೆ ಒಳ್ಳೆಯ ಕೋಟು ತೊಟ್ಟ ಒಬ್ಬ ವಕೀಲ. ಅದಾದ ಮೇಲೂ ಉಳಿದದ್ದರಲ್ಲಿ ಬ್ರೆಡ್ಡು, ತರಕಾರಿ ದಾನಕ್ಕೆ ಹೋಗುತ್ತದೆ. ವಾಯಿದೆ ದಾಟಿದ ಮಾಂಸ, ಮೀನು, ಸ್ಯಾಂಡ್‌ವಿಚ್ಚುಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ ಕಸಕ್ಕೆ ಹಾಕಬೇಕು. ಪೀಂ, ಡಬ್ಬಿಗೆ. ಪೀಂ, ಡಬ್ಬಿಗೆ. ಮಾರುವಾಗಿನ ಸದ್ದೇ ಎಸೆಯುವಾಗಲೂ. ಮಧ್ಯಾಹ್ನದಿಂದ ಬಿಸ್ಕತ್ತಿನ ಮೇಲೆ ನಿಂತಿರುವ ನಾವು ಅದರಲ್ಲಿ ಒಂದನ್ನೂ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಎಸೆಯುವುದು ಕೆಲಸ, ತಿನ್ನುವುದು ಅಪರಾಧ.

ಏಪ್ರಿಲಿನಲ್ಲಿ ಕನಿಷ್ಠ ಕೂಲಿ 11.44 ಪೌಂಡಿಗೆ ಏರಿತು. ಅದೇ ತಿಂಗಳು ನಮಗೆ ನೌಕರರ ರಿಯಾಯಿತಿ ಕಾರ್ಡಿನ ಅರ್ಜಿ ಬಂತು. ನೂರಕ್ಕೆ ಹತ್ತು ಬಿಡುವು. ನಮಗೂ, ನಾವು ಹೆಸರಿಸಿದ ಇನ್ನೊಬ್ಬರಿಗೂ, ಆದರೆ ಅವರು ನಮ್ಮ ವಿಳಾಸದಲ್ಲೇ ವಾಸವಿರಬೇಕು. ಅಡುಗೆಮನೆಯ ಮೇಜಿನ ಮೇಲೆ ಬಿಟ್ಟಿದ್ದ ಆ ಕಾಗದವನ್ನು ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ನಾನು ಎಲ್ಲಿ ವಾಸವಿದ್ದೇನೆ?’ ಎಂದು ಕೇಳಿದರು. ಅವರ ಮನೆಯಲ್ಲೇ ನಾನು ಇದ್ದದ್ದು. ಅರ್ಜಿಯಲ್ಲಿ ಅವರ ಹೆಸರು ಬರೆದೆ.

ಮೊಮ್ಮಗಳ ಹುಟ್ಟುಹಬ್ಬದ ಹಿಂದಿನ ಶುಕ್ರವಾರ ಕಾಕಾ ಮಗನ ಕಾರಿನಲ್ಲಿ ಲಫ್‌ಬರೋವರೆಗೆ ಬಂದರು. ಎಣ್ಣೆಯ ಕ್ಯಾನು, ಸಕ್ಕರೆ, ಜ್ಯೂಸು, ಕೇಕು, ಬಲೂನು, ಟ್ರಾಲಿ ತುಂಬಿ ತುಳುಕುತ್ತಿತ್ತು. ಖಾಲಿ ಇದ್ದ ಟಿಲ್ಲುಗಳನ್ನೆಲ್ಲ ದಾಟಿ ನನ್ನ ಸಾಲಿನಲ್ಲೇ ನಿಂತು, ಎಲ್ಲವನ್ನೂ ಬೆಲ್ಟಿನ ಮೇಲೆ ಜೋಡಿಸಿ, ಅಂಗಡಿಯವರ ಗತ್ತಿನಲ್ಲಿ ಕೈ ಕಟ್ಟಿದರು. ಮನೆಯವರ ಸಾಮಾನನ್ನು ನೌಕರ ತಾನೇ ಬಿಲ್ ಮಾಡುವಂತಿಲ್ಲ, ಪಕ್ಕದ ಟಿಲ್ಲಿಗೆ ಹೋಗಬೇಕು, ಅದು ನಿಯಮ. ಮೆಲ್ಲಗೆ ಹೇಳಿದೆ. ಕಾಕಾ ನನ್ನನ್ನು ನೋಡಿದರು, ಬೆಲ್ಟನ್ನು ನೋಡಿದರು, ಹಿಂದೆ ನಿಂತವರನ್ನು ನೋಡಿದರು.

‘ಮೂವತ್ತು ವರ್ಷ ಅಂಗಡಿ ನಡೆಸಿದ್ದೇನೆ. ಗಿರಾಕಿಯನ್ನು ಪಕ್ಕದ ಗಲ್ಲಾಕ್ಕೆ ಓಡಿಸಿದವನಲ್ಲ. ಎದೆಯ ಮೇಲೆ ಏನು ಹೆಸರು ನಿನ್ನದು?’ ಎಂದು ಬಿಲ್ಲೆಯನ್ನು ಬಗ್ಗಿ ಓದಿ, ಸಾಲಿಗೆಲ್ಲ ಕೇಳಿಸುವ ಇಂಗ್ಲಿಷಿನಲ್ಲಿ ಮ್ಯಾನೇಜರನ್ನು ಕರೆ ಎಂದರು.

ಕರೆದೆ.